ಹಳೇ ಮಹೀಂದ್ರಾ ಜೀಪ್ ಕೊಳ್ಳುವಾಗ ಮೊದಲು ಕಾಗದ, ಆಮೇಲೆ ಚಾಸಿ, ಎಂಜಿನ್ ಕೊನೆಗೆ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಹೋದರೆ ಯಾವುದಾದರೂ ತೋಟದ ಶೆಡ್ಡಿನಲ್ಲಿ ಒಂದು ಹಳೇ ಜೀಪ್ ಕಂಡೇ ಕಾಣುತ್ತದೆ. ಟೈರಲ್ಲಿ ಗಾಳಿ ಇರುವುದಿಲ್ಲ. ಬಾನೆಟ್ ಮೇಲೆ ಖಾಲಿ ಗೊಬ್ಬರದ ಚೀಲ, ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿರುತ್ತದೆ. ಮನೆಯವರನ್ನು ಕೇಳಿದರೆ "ಅಪ್ಪನ ಕಾಲದ್ದು, ಬೇಕಾದ್ರೆ ತಗೊಂಡ್ಹೋಗಿ" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಜೇಬಿಗೆ ಹೋಗುತ್ತದೆ, ಅಲ್ವಾ? ಅಲ್ಲೇ ಸ್ವಲ್ಪ ನಿಲ್ಲಿ.

ನನ್ನ ಮೊದಲ ಜೀಪ್ ಹೊಳೆಯುವ ಹಸಿರು ಬಣ್ಣದ್ದು. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಬೇರೆ ಜಿಲ್ಲೆಯ ಒಬ್ಬ ಬ್ರೋಕರ್ ಕೊಡಿಸಿದ್ದು. ಹೆಸರಿಗೆ ವರ್ಗಾಯಿಸಲು ಆರ್‌ಟಿಒ ಹತ್ತಿರ ತೆಗೆದುಕೊಂಡು ಹೋದಾಗ ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದರು. ಕಾಗದದಲ್ಲಿ ಇದ್ದ ನಂಬರಿಗೂ ಚಾಸಿ ಮೇಲಿನ ನಂಬರಿಗೂ ಎರಡು ಅಂಕಿ ವ್ಯತ್ಯಾಸ. ಅಂದರೆ ಆರ್‌ಸಿ (ನೋಂದಣಿ ಪತ್ರ) ಒಂದು ಜೀಪಿನದು, ಕೆಳಗಿದ್ದ ಚಾಸಿ ಇನ್ನೊಂದರದು. ಒಂದೂವರೆ ವರ್ಷ ಓಡಾಡಿದೆ, ಏನೂ ಆಗಲಿಲ್ಲ. ಕೊನೆಗೆ ಬಿಚ್ಚಿ ಸ್ಪೇರ್ ಆಗಿ ಮಾರಿದೆ. ಆವತ್ತು ಚೆನ್ನಾಗಿದ್ದ ಎಂಜಿನ್ ಗುಜರಿಗೆ ಹೋಗಿದ್ದನ್ನು ನೋಡಿ ಬಂದ ಸಂಕಟ ಇನ್ನೂ ಮರೆತಿಲ್ಲ. ಎರಡನೇ ಜೀಪ್ ಕೊಂಡಾಗ ಅದರ ಎಂಜಿನ್ ಜಾಮ್ ಆಗಿತ್ತು, ಆದರೆ ಕಾಗದ ಶುದ್ಧ, ಚಾಸಿ ಗಟ್ಟಿ. ಅದೇ ಇವತ್ತಿಗೂ ಓಡುತ್ತಿದೆ.

ಯಾವ ಜೀಪ್?

ಕೈಗೆಟುಕುವ ಬೆಲೆಗೆ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಸಿಜೆ-3ಬಿ, ಬಾನೆಟ್ ಎತ್ತರ ಇರುವ ಹಳೇ ಜೀಪ್. ಅಮೆರಿಕದಲ್ಲಿ ವಿಲ್ಲೀಸ್ ಕಂಪನಿ ಇದನ್ನು 1953ರಲ್ಲಿ ತಂದು 1968ರಲ್ಲಿ ನಿಲ್ಲಿಸಿತು, ಆದರೆ ಮಹೀಂದ್ರಾ ಇಲ್ಲಿ ಅದೇ ಆಕಾರವನ್ನು ಆಮೇಲೂ ಎಷ್ಟೋ ವರ್ಷ ಮುಂದುವರಿಸಿತು. ಬಾನೆಟ್ ಎತ್ತರವಾಗಿದ್ದು ಚಂದಕ್ಕಲ್ಲ. ಒಳಗಿನ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ಲೆಟ್ ವಾಲ್ವುಗಳು ಹೆಡ್ಡಿನಲ್ಲಿವೆ, ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿವೆ. ಹಾಗಾಗಿ ಎಂಜಿನ್ನೇ ಎತ್ತರ. ಮೃದುವಾಗಿ ಓಡುತ್ತದೆ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಅದಕ್ಕೇ ಎಷ್ಟೋ ಜನ ಹಿಂದೆಯೇ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ಆ ಬದಲಾವಣೆ ಆರ್‌ಸಿಯಲ್ಲಿ ಇದೆಯಾ ಇಲ್ಲವಾ ಅನ್ನುವುದೇ ಮುಖ್ಯ.

ಎರಡನೆಯದು ಸಿಜೆ-500ಡಿ ಮತ್ತು ಅದರ ಅಣ್ಣತಮ್ಮಂದಿರು. ಹಳೆಯವಕ್ಕೆ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್, ಆಮೇಲಿನವಕ್ಕೆ ಮಹೀಂದ್ರಾದ ಎಂಡಿಐ ಡೀಸೆಲ್ ಎಂಜಿನ್. 2523 ಸಿಸಿ ಎಂಡಿಐ ಸಿಕ್ಕಿದರೆ ನಿಮ್ಮ ಪುಣ್ಯ. ಬೊಲೆರೊ ಡಿಐ ಕೂಡ ಇದೇ ಮನೆತನದ ಎಂಜಿನ್ ಆದ್ದರಿಂದ ತಾಲೂಕು ಊರಿನ ಮೆಕ್ಯಾನಿಕ್‌ಗೂ ಇದರ ಕೈ ಅಭ್ಯಾಸ ಇರುತ್ತದೆ. ಸದ್ದು ಜಾಸ್ತಿ, ನಡುಕ ಜಾಸ್ತಿ, ಆದರೆ ಬಾಳಿಕೆ ಬರುತ್ತದೆ. ಒಂದು ಎಚ್ಚರಿಕೆ: ಈ ಸಾಲಿನಲ್ಲಿ ಬರೀ ಹಿಂದಿನ ಚಕ್ರ ಎಳೆಯುವ ಗಾಡಿಗಳೂ ತುಂಬಾ ಇವೆ. ಮುಂದೆ ಬಗ್ಗಿ ನೋಡಿ. ಮುಂದಿನ ಆಕ್ಸಲ್‌ನಲ್ಲೂ ಹಿಂದಿನಂತೆಯೇ ಕುಂಬಳಕಾಯಿಯಂಥ ಉಬ್ಬು ಇದ್ದರೆ ಮಾತ್ರ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ.

ಮೂರನೆಯದು ಎಂಎಂ-540. ಪ್ಯೂಜೋದ 2112 ಸಿಸಿ ಡೀಸೆಲ್. ಎಂಡಿಐಗಿಂತ ನುಣುಪು, ಚಳಿಯಲ್ಲಿ ಹೀಟರ್ ಪ್ಲಗ್ ಬಿಸಿಯಾಗುವವರೆಗೆ ಕಾಯಬೇಕು. ಮೊದಲ ಸಲ ರಿಪೇರಿಗೆ ಇಳಿಯುವವರಿಗೆ ನಾನು ಹೇಳುವುದು ಇದನ್ನೇ, ಇಲ್ಲವೇ ಎಂಡಿಐ ಫೋರ್ ವೀಲ್. ಜಬಲ್ಪುರದಲ್ಲಿ ಸೇನೆಗೆ ಅಂತ ಮಾಡಿದ ಜೋಂಗಾ ಜೀಪ್ ನೋಡಿ ಆಸೆ ಆಗುತ್ತದೆ, ನನಗೂ ಆಗುತ್ತದೆ. ಆದರೆ ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಸ್ಪೇರ್ ಹುಡುಕುತ್ತಾ ಕೂರುವುದು ಕಡಿಮೆ ಬಜೆಟ್‌ನ ಕೆಲಸ ಅಲ್ಲ.

ಹಿಂದೆ ಲೋಡ್ ಹಾಕುವ ಪಿಕಪ್ಪೇ ಬೇಕು ಅನ್ನುವವರೂ ಇದ್ದಾರೆ. ಮಹೀಂದ್ರಾದ ಉದ್ದ ಚಾಸಿಯ ಪಿಕಪ್ ಅಥವಾ 1988ರಲ್ಲಿ ಬಂದ ಟಾಟಾಮೊಬೈಲ್ 206 ಸಿಕ್ಕರೆ ಚೆನ್ನ. ಇವುಗಳಲ್ಲಿ ಹೆಚ್ಚಿನವು ಗೂಡ್ಸ್ ಗಾಡಿ ಅಂತ ಹಳದಿ ಬೋರ್ಡಿನಲ್ಲಿ ನೋಂದಣಿ ಆಗಿರುತ್ತವೆ. ಆಗ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ತೆರಿಗೆ, ಇನ್ಶೂರೆನ್ಸ್ ಎಲ್ಲ ಬೇರೆ ಲೆಕ್ಕ. ಬಿಳಿ ಬೋರ್ಡಿಗೆ ಬದಲಾಯಿಸಿಕೊಡುತ್ತೇನೆ ಅಂತ ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ನಂಬಬೇಡಿ, ಮೊದಲು ನೀವೇ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕಾಗದ

ಗಾಡಿ ನೋಡಲು ಹೊರಡುವ ಮುಂಚೆಯೇ ಆರ್‌ಸಿಯ ಫೋಟೊ ತರಿಸಿಕೊಳ್ಳಿ. ನಂಬರನ್ನು ಪರಿವಾಹನ್ ತಾಣದಲ್ಲೋ ಎಂ-ಪರಿವಾಹನ್ ಆ್ಯಪಿನಲ್ಲೋ ಹಾಕಿ ನೋಡಿ. ಮಾಲೀಕರು ಯಾರು, ನೋಂದಣಿ ಯಾವಾಗ ಮುಗಿದಿದೆ, ಸಾಲ ಬಾಕಿ ತೋರಿಸುತ್ತಿದೆಯಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ತುಂಬಾ ಹಳೆಯ ಗಾಡಿಗಳ ವಿವರ, ಅದರಲ್ಲೂ ಕೆಎ ಸರಣಿ ಬರುವ ಮುಂಚಿನ ಮೂರಕ್ಷರದ ನಂಬರಿನವು, ಕಂಪ್ಯೂಟರಿಗೆ ಏರಿರುವುದೇ ಇಲ್ಲ. ಹಾಗಿದ್ದ ಮಾತ್ರಕ್ಕೆ ಕಳ್ಳ ಗಾಡಿ ಅಂತ ಅಲ್ಲ. ನೋಂದಣಿ ಆದ ಆರ್‌ಟಿಒದಲ್ಲಿ ಹಳೇ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆ ಕೆಲಸವನ್ನು ಮಾರುವವರ ಕೈಯಲ್ಲೇ ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಒಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. 20 ವರ್ಷ ದಾಟಿದ ಜೀಪುಗಳಿಗೆ 2025ರಲ್ಲಿ 10,000 ಆಯಿತು. ತಡವಾದ ತಿಂಗಳಿಗೆಲ್ಲ ದಂಡ ಬೇರೆ, ಹಸಿರು ತೆರಿಗೆ ಬೇರೆ. ಹತ್ತು ವರ್ಷದಿಂದ ಶೆಡ್ಡಿನಲ್ಲಿ ಮಲಗಿದ ಜೀಪ್ ಆದರೆ ಈ ಬಾಕಿ ಎಲ್ಲ ಕೂಡಿಸಿ, ಆ ಮೊತ್ತವನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಮೂಲ ಮಾಲೀಕರು ತೀರಿಕೊಂಡಿದ್ದರೆ ಇನ್ನೊಂದು ಕೆಲಸ ಇದೆ. ಮಲೆನಾಡಿನಲ್ಲಿ ಇದು ತುಂಬಾ ಸಾಮಾನ್ಯ. ಜೀಪ್ ಇನ್ನೂ ಅಜ್ಜನ ಹೆಸರಲ್ಲಿ, ಮಾರುವವರು ಮೊಮ್ಮಗ, ಚಿಕ್ಕಪ್ಪ ದೊಡ್ಡಪ್ಪಂದಿರು ನಾಲ್ಕು ಊರಲ್ಲಿ. ಮೊದಲು ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ. ಒಂದೇ ಸಲ ಆಗುತ್ತದೆ ಅಂತ ಅವಸರ ಮಾಡಬೇಡಿ.

ಸರ್ಕಾರಿ ಇಲಾಖೆಯ ಹರಾಜಿನ ಜೀಪ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ವರ್ಷ ನೋಡಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ. ಅವು ಗುಜರಿಗೆ ಹೋಗಬೇಕಾದವು. ದೆಹಲಿಯಿಂದ ಬರುವ ಗಾಡಿಗಳಿಗೂ ಹುಷಾರು. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಇರುವುದರಿಂದ ಬೆಲೆ ಕಡಿಮೆ ಅನ್ನಿಸುತ್ತದೆ, ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿನ ತೆರಿಗೆ ಕಟ್ಟಿ, ಲಾರಿ ಬಾಡಿಗೆ ಕೊಟ್ಟು ಮುಗಿಯುವಷ್ಟರಲ್ಲಿ ಲಾಭ ಉಳಿದಿರುವುದಿಲ್ಲ.

50 ವರ್ಷ ದಾಟಿದ ಜೀಪ್ ಸಿಕ್ಕಿದರೆ ವಿಂಟೇಜ್ ನೋಂದಣಿಗೆ 2021ರಲ್ಲಿ ನಿಯಮ ಬಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷಕ್ಕೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕಷ್ಟೇ. ಸಂತೆಗೆ, ತೋಟಕ್ಕೆ ಓಡಾಡಬೇಕು ಅನ್ನುವವರಿಗೆ ಅದು ಬೇಡ.

ಚಾಸಿ

ಗಾಡಿ ಹತ್ತಿರ ಹೋಗುವಾಗ ನಾನು ಒಯ್ಯುವುದು ಇಷ್ಟು: ಹಾಸಲು ಒಂದು ಗೋಣಿಚೀಲ, ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ, ತಂತಿಯ ಬ್ರಷ್, ತೆಳ್ಳನೆ ಕಾಗದ, ಪೆನ್ಸಿಲ್. ಹಗಲು ಹೊತ್ತಲ್ಲೇ ಹೋಗಿ. ಮಳೆಯಲ್ಲಿ ಒದ್ದೆಯಾದ ಬಣ್ಣ ಎಲ್ಲವನ್ನೂ ಹೊಸದರಂತೆ ತೋರಿಸುತ್ತದೆ.

ಮೊದಲು ನಂಬರ್. ಚಾಸಿ ಮೇಲೆ ಅದು ಇರುವ ಜಾಗವನ್ನು ಬ್ರಷ್‌ನಿಂದ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಆಡಿಸಿ, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. ಅಂಕಿಗಳ ಸಾಲು ಓರೆಕೋರೆ ಇದ್ದರೆ, ಸುತ್ತ ಗ್ರೈಂಡರ್ ಆಡಿಸಿದ ಗೆರೆ ಇದ್ದರೆ, ಆ ತುಂಡಿನ ಸುತ್ತ ವೆಲ್ಡಿಂಗ್ ಇದ್ದರೆ, ಟೀ ಕುಡಿದು ಥ್ಯಾಂಕ್ಸ್ ಹೇಳಿ ಬಂದುಬಿಡಿ. ನಂಬರ್ ಪೂರ್ತಿ ತುಕ್ಕು ತಿಂದು ಮಾಯವಾಗಿದ್ದರೂ ಅಷ್ಟೇ. ಎಂಜಿನ್ ನಂಬರನ್ನೂ ಹೀಗೇ ನೋಡಿ.

ಆಮೇಲೆ ಗೋಣಿ ಹಾಸಿ ಕೆಳಗೆ ಮಲಗಿ. ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ "ಠಣ್" ಅನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ "ಡಬ್" ಅನ್ನುತ್ತದೆ. ಒಂದೆರಡು ಸಲ ಕೇಳಿದರೆ ಕಿವಿಗೆ ಅಭ್ಯಾಸ ಆಗುತ್ತದೆ. ಜಾಸ್ತಿ ಹೊತ್ತು ನೋಡಬೇಕಾದ ಜಾಗಗಳು: ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗ್) ಕೂರುವ ಬ್ರಾಕೆಟ್ಟುಗಳು, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಕಡೆ, ಗೇರ್ ಬಾಕ್ಸ್ ಹೊತ್ತ ಅಡ್ಡಪಟ್ಟಿ, ಮತ್ತೆ ಎಲ್ಲಕ್ಕಿಂತ ಹಿಂದಿನ ಅಡ್ಡಪಟ್ಟಿ, ಅದರಲ್ಲೂ ಟ್ರೇಲರ್ ಎಳೆದ ಗಾಡಿಯಾದರೆ. ಸ್ಟೇರಿಂಗ್ ಬಾಕ್ಸ್ ಹತ್ತಿರ ಕೂದಲೆಳೆಯಷ್ಟು ಬಿರುಕು ಇದ್ದರೂ ಕಡೆಗಣಿಸಬೇಡಿ, ಅಲ್ಲಿ ಹಳೇ ವೆಲ್ಡಿಂಗ್ ಗುಪ್ಪೆ ಇದ್ದರೆ ಅದು ಮೊದಲೂ ಬಿರಿದಿತ್ತು ಅಂತ ಅರ್ಥ. ಸಣ್ಣ ತೇಪೆಯನ್ನು ಒಳ್ಳೇ ವೆಲ್ಡರ್ ಸರಿಮಾಡುತ್ತಾರೆ. ಇಡೀ ಚಾಸಿ ತಿರುಚಿದ್ದರೆ ಆಗುವುದಿಲ್ಲ. ಅದನ್ನು ಕಂಡುಹಿಡಿಯಲು ಸಮ ನೆಲದಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಮುಂದಿನ ಚಕ್ರ ಹಿಂದಿನ ಚಕ್ರ ಒಂದೇ ಗೆರೆಯಲ್ಲಿವೆಯಾ ನೋಡಿ, ಆಮೇಲೆ ಎರಡೂ ಬದಿಯಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಟೇಪು ಹಿಡಿಯಿರಿ.

ಗಾಡಿ ಎಲ್ಲಿ ಬದುಕಿತ್ತು ಅನ್ನುವುದೂ ಮುಖ್ಯ. ಕರಾವಳಿಯ ಉಪ್ಪು ಗಾಳಿಯಲ್ಲಿ ನಿಂತ ಜೀಪನ್ನು ತುಕ್ಕು ಒಳಗಿಂದ ತಿನ್ನುತ್ತದೆ. ಮಲೆನಾಡಿನದ್ದಾದರೆ ಮಳೆಗಾಲದ ಕೆಸರು ಚಾಸಿಯ ಸಂದಿಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆಯ ಗಾಡಿ ಬಣ್ಣ ಸುಟ್ಟು, ರಬ್ಬರ್ ಒಡೆದು ನೋಡಲು ದರಿದ್ರವಾಗಿ ಕಂಡರೂ ಕಬ್ಬಿಣ ಚೆನ್ನಾಗಿರುತ್ತದೆ. ನನ್ನ ಎರಡನೇ ಜೀಪ್ ಬಂದಿದ್ದು ಆ ಕಡೆಯಿಂದಲೇ. ಕೊಡಚಾದ್ರಿ, ಮಾಂದಲಪಟ್ಟಿ ಕಡೆ ಪ್ರವಾಸಿಗರನ್ನು ಹತ್ತಿಸಿ ದುಡಿದ ಜೀಪ್ ಆದರೆ ಚಾಸಿಯನ್ನು ಎರಡು ಸಲ ನೋಡಿ. ಆ ದಾರಿಯಲ್ಲಿ ಓಡಿಸುವವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ, ಆದರೆ ಕಬ್ಬಿಣಕ್ಕೆ ಅದು ಕಷ್ಟದ ಬದುಕು.

ಎಂಜಿನ್, ಗೇರು, ಉಳಿದದ್ದು

"ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದ ಕೂಡಲೇ ರೇಡಿಯೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಲೆಕ್ಕ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ, ನೀರಲ್ಲಿ ಒಂದೇ ಸಮ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಶುರುವಿನ ಬಿಳಿ ಹೊಗೆ ಎರಡು ನಿಮಿಷದಲ್ಲಿ ನಿಂತರೆ ಪರವಾಗಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲಿಂದ ಪುಸುಪುಸು ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್, ರಿಂಗು, ಲೈನರ್ ಕೆಲಸ ಇದೆ. ಇದು ಯಾವುದಕ್ಕೂ ಹೆದರಬೇಕಿಲ್ಲ. ಎಂಡಿಐ ಆಗಲಿ ಪ್ಯೂಜೋ ಆಗಲಿ ಕೂರಿಸಿಕೊಡುವವರು ಇದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಸುತ್ತಿದರೆ ಬಹಳಷ್ಟು ಸಾಮಾನು ಸಿಗುತ್ತದೆ. ಬೆಲೆ ಇಳಿಸಲು ಇದೇ ಒಳ್ಳೇ ಮಾತು.

ಗೇರಿನಲ್ಲಿ ನೋಡುವುದು ಮುಖ್ಯವಾಗಿ ಜಿಗಿತ. ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿಗೆ ಹಾಕಿ ಆಕ್ಸಿಲೇಟರ್ ಬಿಡಿ, ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬಂದರೆ ಬಾಕ್ಸ್ ಇಳಿಸಬೇಕು. ಫೋರ್ ವೀಲನ್ನು ಟಾರು ರಸ್ತೆಯಲ್ಲಿ ಹಾಕಬೇಡಿ. ಕೆಸರು, ಹುಲ್ಲು, ಮರಳು ಇರುವ ಕಡೆ ಹಾಕಿ, ಲೋ ಗೇರಿಗೂ ತಂದು ನೋಡಿ. ಇನ್ನೊಂದು ವಿಷಯ ಬಹಳ ಜನ ನೋಡುವುದಿಲ್ಲ. ಹಿಂದೊಮ್ಮೆ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ) ಹೋದಾಗ ಸಿಕ್ಕಿದ್ದನ್ನು ಹಾಕಿಸಿರುತ್ತಾರೆ, ಮುಂದಿನದಕ್ಕೂ ಹಿಂದಿನದಕ್ಕೂ ಹಲ್ಲಿನ ಲೆಕ್ಕ ಹೊಂದುವುದಿಲ್ಲ, ಫೋರ್ ವೀಲ್ ಹಾಕಿದ ಕೂಡಲೇ ಗಾಡಿ ತಡೆದು ತಡೆದು ಹೋಗುತ್ತದೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಒಂದು ಚಕ್ರ ಜಾಕ್ ಮೇಲೆ ಎತ್ತಿ ಹತ್ತು ಸುತ್ತು ತಿರುಗಿಸಿ, ಆಕ್ಸಲ್‌ಗೆ ಬರುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಎಷ್ಟು ಸುತ್ತಿತು ಎಣಿಸಿ. ಮುಂದೆಯೂ ಹಾಗೇ ಮಾಡಿ. ಎರಡೂ ಒಂದೇ ಇರಬೇಕು. ಮುಂದಿನ ಚಕ್ರ ಎತ್ತಿದಾಗಲೇ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಸವೆದಿದ್ದರೆ ಕೈಗೆ ಗೊತ್ತಾಗುತ್ತದೆ.

ಬಾಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿದೆ. ಜೀಪಿನದು ಚಪ್ಪಟೆ ತಗಡು, ಒಳ್ಳೇ ಟಿಂಕರಿಂಗ್ ಕೆಲಸದವರು ಸಿಕ್ಕರೆ ಎಲ್ಲ ಆಗುತ್ತದೆ. ವೈರಿಂಗ್ ಹೇಗಿದ್ದರೂ ಪೂರ್ತಿ ಹೊಸದು ಹಾಕಿಸಿ. ಆದರೆ ದೊಡ್ಡ ಟೈರು, ಉಕ್ಕಿನ ಬಂಪರು, ಬೇರೆ ಆಕಾರದ ಬಾಡಿ ಅಂತ ಆಗಲೇ ಬದಲಾಯಿಸಿರುವ ಜೀಪಿಗೆ ದುಡ್ಡು ಜಾಸ್ತಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮೂಲ ರಚನೆ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಎಫ್‌ಸಿಗೆ ನಿಂತಾಗ ಅದೆಲ್ಲ ಬಿಚ್ಚಬೇಕಾಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಕೈಯಲ್ಲಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿಗೆ ಹಾಕಬೇಡಿ. ಉಳಿದರ್ಧ ರಿಪೇರಿಗೆ ಬೇಕೇ ಬೇಕು. ಒಪ್ಪಿಗೆ ಆದರೆ ಮುಂಗಡ ಮಾತ್ರ ಕೊಟ್ಟು ಬರೆಸಿಕೊಳ್ಳಿ. ಪೂರ್ತಿ ಹಣ ಕೊಡುವ ದಿನ ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾಲೀಕರ ಸಹಿ, ಮೂಲ ಆರ್‌ಸಿ, ಅವರ ಗುರುತಿನ ಚೀಟಿಯ ನಕಲು, ಹಿಂದೆ ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರಬೇಕು. ಮತ್ತೆ, ಎಷ್ಟೇ ಆಸೆ ಆದರೂ ಅವತ್ತೇ ಓಡಿಸಿಕೊಂಡು ಬರಬೇಡಿ. ವರ್ಷಗಟ್ಟಲೆ ನಿಂತ ಜೀಪಿನ ಬ್ರೇಕ್ ಪೈಪು ಒಳಗೇ ತುಕ್ಕು ತಿಂದಿರುತ್ತದೆ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಪೆಡಲ್ ನೆಲ ಮುಟ್ಟಿದರೆ ಏನು ಮಾಡುತ್ತೀರಿ? ಒಂದು ಲಾರಿ ಹೇಳಿ, ಮೇಲೆ ಹತ್ತಿಸಿ, ನಾಲ್ಕೂ ಚಕ್ರಕ್ಕೆ ಕಟ್ಟೆ ಕೊಟ್ಟು ಹಗ್ಗ ಬಿಗಿದು ತನ್ನಿ. ಮನೆ ಮುಂದೆ ಇಳಿಸಿದ ಮೇಲೆ ಮೊದಲು ಬಿಚ್ಚಬೇಕಾದದ್ದು ಬ್ರೇಕ್ ಡ್ರಮ್ಮುಗಳನ್ನೇ.