ಹಳೆಯ ವಿಂಡೋಸ್ ಗಣಕಗಳಿಗೆ ಫೈಲ್ ಸರ್ವರ್‌ನ ಲಾಗಿನ್ ಹೊಂದಿಸುವ ಬಗೆ

ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ಗಣಕವೊಂದು ಹೊಸ ಫೈಲ್ ಸರ್ವರ್‌ಗೆ ಲಾಗಿನ್ ಆಗದಿದ್ದಾಗ ಹೆಚ್ಚಿನವರು ಮೊದಲು ಪಾಸ್‌ವರ್ಡನ್ನೇ ಅನುಮಾನಿಸುತ್ತಾರೆ. ಆದರೆ ಬಳಕೆದಾರರ ಹೆಸರೂ ಪಾಸ್‌ವರ್ಡೂ ಸರಿಯಾಗಿದ್ದು, ಆ ಪಾಸ್‌ವರ್ಡನ್ನು ಸಾಬೀತುಪಡಿಸುವ ವಿಧಾನ ಎರಡೂ ಕಡೆ ಹೊಂದದೇ ಹೋದರೆ, ಆಗಲೂ ತೆರೆಯ ಮೇಲೆ ಕಾಣುವುದು ಪಾಸ್‌ವರ್ಡ್ ತಪ್ಪೆಂಬ ಸಂದೇಶವೇ. ಸರ್ವರ್‌ನ ಭದ್ರತೆಯನ್ನು ಸಡಿಲಿಸುವ ಮುನ್ನ ಹಳೆಯ ಗಣಕವನ್ನು ಅದರಿಂದ ಸಾಧ್ಯವಿರುವಷ್ಟು ಬಿಗಿಗೊಳಿಸಬೇಕೆಂಬುದೇ ಇಲ್ಲಿ ಹೇಳುವ ಕ್ರಮದ ತಳಹದಿ.

ಮೊದಲು ದೋಷದ ಸಂಖ್ಯೆಯನ್ನು ನೋಡಿಕೊಳ್ಳಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಆದೇಶದ ಮೂಲಕ ಸಂಪರ್ಕಿಸಿದಾಗ 53 ಅಥವಾ 64 ಎಂಬ ಸಂಖ್ಯೆ ಬಂದರೆ ತೊಂದರೆ ಲಾಗಿನ್‌ನ ಹಂತಕ್ಕೇ ತಲುಪಿಲ್ಲ. ಸರ್ವರ್‌ನ ಹೆಸರು ಸಿಗುತ್ತಿಲ್ಲ, ಇಲ್ಲವೇ ಎರಡೂ ಯಂತ್ರಗಳಿಗೆ ಸಮಾನವಾದ ಎಸ್‌ಎಂಬಿ (ವಿಂಡೋಸ್ ಗಣಕಗಳು ಫೈಲ್ ಹಂಚಿಕೊಳ್ಳಲು ಬಳಸುವ ನೆಟ್‌ವರ್ಕ್ ನಿಯಮಾವಳಿ) ಆವೃತ್ತಿಯಿಲ್ಲ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಮಾತ್ರ, ವಿಸ್ಟಾದಿಂದ ಆಚೆಗೆ ಎಸ್‌ಎಂಬಿ 2 ಬಂದಿದೆ. 86 ಅಥವಾ 1326 ಬಂದರೆ ಮಾತ್ರ ಹೆಸರು, ಪಾಸ್‌ವರ್ಡ್, ದೃಢೀಕರಣದ ವಿಧಾನ ಈ ಮೂರರಲ್ಲಿ ಒಂದು ತಪ್ಪಿದೆಯೆಂದು ತಿಳಿಯಬಹುದು.

ಸರ್ವರ್‌ನಲ್ಲಿ ಆ ಗಣಕಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆಯಿರಿ. ಅದಕ್ಕೆ ಆಡಳಿತಗಾರರ ಅಧಿಕಾರ ಬೇಡ. ಬೇಕಾದ ಒಂದೆರಡು ಫೋಲ್ಡರ್‌ಗಳಿಗೆ ಮಾತ್ರ ಪ್ರವೇಶವಿರಲಿ, ಮತ್ತು ಅದರ ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸಬೇಡಿ. ಸರ್ವರ್‌ನಲ್ಲಿರುವುದು ಸಾಂಬಾ (ಲಿನಕ್ಸ್‌ನಲ್ಲಿ ಎಸ್‌ಎಂಬಿ ಮೂಲಕ ಫೈಲ್ ಹಂಚುವ ತಂತ್ರಾಂಶ) ಆದರೆ, ಲಿನಕ್ಸ್ ಖಾತೆಯ ಪಾಸ್‌ವರ್ಡ್ ತಾನಾಗಿಯೇ ಸಾಂಬಾಗೆ ಅನ್ವಯಿಸದಿರುವುದರಿಂದ, ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ (smbpasswd) ಆದೇಶದಿಂದ ಅದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಪಾಸ್‌ವರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಸಾಮಾನ್ಯ ಚಿಹ್ನೆಗಳಷ್ಟೇ ಇದ್ದರೆ ಅಕ್ಷರಸಂಕೇತದ ಗೊಂದಲ ಹುಟ್ಟುವುದಿಲ್ಲ. ಉದ್ದದ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಪಾಸ್‌ವರ್ಡ್ ಸಾಬೀತುಪಡಿಸುವ ಹಳೆಯ ಲ್ಯಾನ್ ಮ್ಯಾನೇಜರ್ ವಿಧಾನವು ಪಾಸ್‌ವರ್ಡನ್ನು ದೊಡ್ಡಕ್ಷರಗಳಿಗೆ ಬದಲಿಸಿ, 14 ಅಕ್ಷರಗಳಿಗೆ ಸೀಮಿತಗೊಳಿಸಿ, ಏಳೇಳು ಅಕ್ಷರಗಳ ಎರಡು ತುಂಡುಗಳಾಗಿ ಸಂಸ್ಕರಿಸುವುದರಿಂದ ಅದನ್ನು ಭೇದಿಸುವುದು ಬಹಳ ಸುಲಭ. 15 ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳಿರುವ ಪಾಸ್‌ವರ್ಡ್‌ಗೆ ಈ ದುರ್ಬಲ ರೂಪವನ್ನು ವಿಂಡೋಸ್ ಉಳಿಸಿಕೊಳ್ಳುವುದೇ ಇಲ್ಲವಾದ್ದರಿಂದ ಎಕ್ಸ್‌ಪಿಗೆ ಅಷ್ಟು ಉದ್ದದ ಪಾಸ್‌ವರ್ಡನ್ನೇ ಆರಿಸಿ. ವಿಂಡೋಸ್ 98ಕ್ಕೆ ಮಾತ್ರ 14ರೊಳಗೆ ನಿಲ್ಲಬೇಕು.

ಈಗ ಹಳೆಯ ಗಣಕದ ಸರದಿ. ಸರ್ವರ್ ಪಾಸ್‌ವರ್ಡ್‌ನ ಸಾಬೀತು ಕೇಳಿದಾಗ ಎಕ್ಸ್‌ಪಿ ಮೂಲಸ್ಥಿತಿಯಲ್ಲಿ ಲ್ಯಾನ್ ಮ್ಯಾನೇಜರ್ ಮತ್ತು ಅದರ ನಂತರ ಬಂದ ಎನ್‌ಟಿಎಲ್‌ಎಂ ವಿಧಾನದ ಮೊದಲ ಆವೃತ್ತಿಯ ಉತ್ತರಗಳನ್ನು ಕಳುಹಿಸುತ್ತದೆ. ಎರಡನೆಯ ಆವೃತ್ತಿ ಅದಕ್ಕೆ ಬಾರದೆಂದಲ್ಲ, ಹೇಳದೆ ಬಳಸುವುದಿಲ್ಲ ಅಷ್ಟೆ. ಪ್ರೊಫೆಷನಲ್ ಆವೃತ್ತಿಯಲ್ಲಾದರೆ ಲೋಕಲ್ ಸೆಕ್ಯುರಿಟಿ ಪಾಲಿಸಿಯ ಸೆಕ್ಯುರಿಟಿ ಆಪ್ಷನ್ಸ್ ವಿಭಾಗದಲ್ಲಿ ಲ್ಯಾನ್ ಮ್ಯಾನೇಜರ್ ದೃಢೀಕರಣದ ಮಟ್ಟವನ್ನು ಎನ್‌ಟಿಎಲ್‌ಎಂ ಎರಡನೆಯ ಆವೃತ್ತಿಯನ್ನಷ್ಟೇ ಕಳುಹಿಸುವಂತೆ ಬದಲಿಸಿ. ಈ ಸಾಧನವಿಲ್ಲದ ಹೋಮ್ ಆವೃತ್ತಿಯಲ್ಲಿ ರಿಜಿಸ್ಟ್ರಿಯ (ವಿಂಡೋಸ್ ತನ್ನ ಹೊಂದಿಕೆಗಳನ್ನು ಇಟ್ಟುಕೊಳ್ಳುವ ಸಂಗ್ರಹದ) ‘ಎಲ್‌ಎಸ್‌ಎ’ ಕೀಲಿಯೊಳಗಿನ ‘ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್’ ಮೌಲ್ಯವನ್ನು 3 ಮಾಡಿ, ಗಣಕವನ್ನು ಮತ್ತೆ ಆರಂಭಿಸಿ. ರಿಜಿಸ್ಟ್ರಿಯನ್ನು ಮುಟ್ಟುವ ಮೊದಲು ಆ ಕೀಲಿಯ ಪ್ರತಿಯೊಂದನ್ನು ರಫ್ತು ಮಾಡಿಟ್ಟುಕೊಳ್ಳುವುದು ಕ್ಷೇಮ. ವಿಂಡೋಸ್ 7ರಲ್ಲಿ ಮೂಲಸ್ಥಿತಿಯೇ ಇದಾಗಿರುವುದರಿಂದ ಯಾರೂ ಬದಲಿಸಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು. ಗಣಕದ ಗಡಿಯಾರವನ್ನೂ ನೋಡಿ. ಎರಡನೆಯ ಆವೃತ್ತಿಯ ಉತ್ತರದಲ್ಲಿ ಸಮಯವೂ ಸೇರಿರುತ್ತದೆ; ಮದರ್‌ಬೋರ್ಡ್‌ನ ಬ್ಯಾಟರಿ ಸತ್ತು ದಿನಾಂಕ ವರ್ಷಗಳಷ್ಟು ಹಿಂದೆ ಸರಿದಿದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಿರಸ್ಕೃತವಾಗಬಹುದು.

ನಂತರ ಹೆಸರು ಮತ್ತು ಪಾಸ್‌ವರ್ಡನ್ನು ಉಳಿಸಿಡಿ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಇದು ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ, ನಿಮ್ಮ ಖಾತೆಯನ್ನು ತೆರೆದಾಗ ಕಾಣುವ ನೆಟ್‌ವರ್ಕ್ ಪಾಸ್‌ವರ್ಡ್ ನಿರ್ವಹಣೆಯ ಕೊಂಡಿಯಲ್ಲಿದೆ. ವಿಂಡೋಸ್ 7ರಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬ ಹೆಸರಿನಲ್ಲಿದೆ. ಬಳಕೆದಾರರ ಹೆಸರಿಗಿಂತ ಮೊದಲು ಸರ್ವರ್‌ನ ಹೆಸರು ಮತ್ತು ಒಂದು ಹಿಂಬಾಗಿದ ಗೆರೆ (\) ಇರಲೇಬೇಕು, ಇಲ್ಲದಿದ್ದರೆ ಗಣಕವು ತನ್ನದೇ ಹೆಸರನ್ನು ಸೇರಿಸಿ ಕಳುಹಿಸುವ ಸಂಭವವಿದೆ. ಸರ್ವರ್‌ನ ಹೆಸರಿನಲ್ಲಿ ಉಳಿಸಿಟ್ಟದ್ದು ಐಪಿ ವಿಳಾಸದ ಮೂಲಕ ತೆರೆದಾಗ ಉಪಯೋಗಕ್ಕೆ ಬಾರದು. 1219 ಎಂಬ ದೋಷ ಬಂದರೆ ಅದೇ ಸರ್ವರ್‌ಗೆ ಬೇರೊಂದು ಹೆಸರಿನ ಸಂಪರ್ಕ ಆಗಲೇ ತೆರೆದಿದೆಯೆಂದು ಅರ್ಥ. ‘ನೆಟ್ ಯೂಸ್’ನಿಂದಲೇ ಹಳೆಯ ಸಂಪರ್ಕಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಿ. ಆ ಆದೇಶದಲ್ಲಿ ಪಾಸ್‌ವರ್ಡ್‌ನ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಟ್ಟರೆ ಗಣಕವೇ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡನ್ನು ಬ್ಯಾಚ್ ಕಡತದಲ್ಲಿ ಬರೆದಿಡುವ ಅಭ್ಯಾಸ ಎಷ್ಟೇ ಅನುಕೂಲವೆನಿಸಿದರೂ ಬೇಡ.

ವಿಂಡೋಸ್ 98ರಲ್ಲಿ ಬೇರೆ ಹೆಸರು ಕೊಡುವ ಅವಕಾಶವೇ ಇಲ್ಲ. ಗಣಕ ಆರಂಭವಾದಾಗ ಬರೆದ ಹೆಸರೇ ಸರ್ವರ್‌ಗೂ ಹೋಗುವುದರಿಂದ ಸರ್ವರ್‌ನ ಖಾತೆಗೆ ಅದೇ ಹೆಸರಿಡಬೇಕು. ಆ ಕಿಟಕಿಯನ್ನು ರದ್ದುಮಾಡಿ ಒಳಹೋದರೆ ಡೆಸ್ಕ್‌ಟಾಪ್ ತೆರೆಯುತ್ತದೆ, ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ.

ಸಾಂಬಾ 4.5ರಿಂದ ಎನ್‌ಟಿಎಲ್‌ಎಂ ಮೊದಲ ಆವೃತ್ತಿಯೂ, 4.11ರಿಂದ ಎಸ್‌ಎಂಬಿ 1 ಕೂಡ ಮೂಲಸ್ಥಿತಿಯಲ್ಲಿ ನಿಷ್ಕ್ರಿಯವಾಗಿವೆ. ಮೇಲಿನ ಕ್ರಮ ಅನುಸರಿಸಿದರೆ ಎಕ್ಸ್‌ಪಿಗಾಗಿ ಮೊದಲನೆಯದನ್ನು ಮುಟ್ಟಬೇಕಾಗಿಲ್ಲ. ಎಕ್ಸ್‌ಪಿಗಾಗಿ ಎಸ್‌ಎಂಬಿ 1 ತೆರೆಯಲೇಬೇಕಾದರೆ, ಆ ಬದಲಾವಣೆ ಒಂದು ಫೋಲ್ಡರ್‌ಗಲ್ಲ, ಇಡೀ ಸರ್ವರ್‌ಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದ ಮೂಲಕವೇ. ಮುಖ್ಯ ಸರ್ವರನ್ನು ಹಾಗೆಯೇ ಬಿಟ್ಟು, ಹಳೆಯ ಗಣಕಗಳಿಗಾಗಿ ಪ್ರತ್ಯೇಕ ನೆಟ್‌ವರ್ಕ್ ಭಾಗದಲ್ಲಿ ಇನ್ನೊಂದು ಸಣ್ಣ ಸರ್ವರ್ ಇಡುವುದು ನನ್ನ ದೃಷ್ಟಿಯಲ್ಲಿ ಒಪ್ಪತಕ್ಕ ಒಂದೇ ದಾರಿ.

ಮುಂದೆ ಈ ಖಾತೆಯ ಪಾಸ್‌ವರ್ಡ್ ಬದಲಿಸುವಾಗ, ಮೊದಲು ಹಳೆಯ ಗಣಕದಲ್ಲಿ ಉಳಿಸಿದ್ದನ್ನು ಅಳಿಸಿ, ತೆರೆದ ಸಂಪರ್ಕಗಳನ್ನು ಮುಚ್ಚಿ, ಆಮೇಲೆ ಸರ್ವರ್‌ನಲ್ಲಿ ಬದಲಿಸಿ. ಕ್ರಮ ತಪ್ಪಿದರೆ ಆ ಗಣಕ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳುಹಿಸಿ, ಲಾಕ್‌ಔಟ್ ಮಿತಿ ಇರುವ ಸರ್ವರ್‌ನಲ್ಲಿ ಖಾತೆಯೇ ಲಾಕ್ ಆಗುತ್ತದೆ.