ಪಿಡಿಎಫ್ ಲೈಬ್ರರಿಗೆ ಮುಂದೇನು? ಮೊದಲು ಕೆಟ್ಟ ಫೈಲುಗಳನ್ನು ಕೂಡಿಹಾಕಿ

ಪಿಡಿಎಫ್ ಜೋಡಿಸುವ, ಒಡೆಯುವ, ಪುಟ ತಿರುಗಿಸುವ, ಒಳಗಿನ ಪಠ್ಯ ಹೊರತೆಗೆಯುವ ಒಂದು ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್, ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ನೀವೇ ಬರೆದದ್ದಿರಬಹುದು, ಆಫೀಸಿನಲ್ಲಿ ನಿಮ್ಮ ಪಾಲಿಗೆ ಬಂದದ್ದಿರಬಹುದು. ಮುಂದಿನ ಆರು ತಿಂಗಳು ಏನು ಮಾಡೋಣ ಅಂತ ಕೂತರೆ ತಲೆಗೆ ಬರುವುದು ಫೀಚರುಗಳ ಪಟ್ಟಿ. ವಾಟರ್‌ಮಾರ್ಕ್, ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವುದು), ಫಾರ್ಮ್ ತುಂಬುವುದು, ಡಿಜಿಟಲ್ ಸಹಿ. ಆ ಪಟ್ಟಿಯನ್ನು ಒಂದು ವಾರ ಪಕ್ಕಕ್ಕಿಡಿ. ಆ ವಾರವೆಲ್ಲ ನಿಮ್ಮ ಲೈಬ್ರರಿ ಎಡವಿದ ಫೈಲುಗಳನ್ನು ಹುಡುಕಿ.

ಹಳೆಯ ಇಶ್ಯೂಗಳನ್ನು, ಅಂದ್ರೆ ಬಳಸುವವರು ದಾಖಲಿಸಿದ ದೂರುಗಳನ್ನು, ತೆರೆಯಿರಿ, ಮುಚ್ಚಿಹೋದವನ್ನೂ ಸೇರಿಸಿ. ಬಳಸುವವರಿಗೆ ಮೇಲ್ ಮಾಡಿ ಕೇಳಿ. ಸಿಗುವ ಫೈಲುಗಳು ಮೂರು ಥರ ಇರುತ್ತವೆ. ಕೆಲವು ತೆರೆಯುವುದೇ ಇಲ್ಲ. ಕೆಲವು ತೆರೆದು ನಡುವೆ ಕೈಕೊಡುತ್ತವೆ. ಇನ್ನು ಕೆಲವು ಒಂದು ಎರರ್ ಕೂಡ ತೋರಿಸದೆ ತಪ್ಪು ಫಲಿತಾಂಶ ಕೊಡುತ್ತವೆ. ಈ ಮೂರನೆಯದೇ ಎಲ್ಲಕ್ಕಿಂತ ಜಾಸ್ತಿ ಅಪಾಯ, ಯಾಕಂದ್ರೆ ಯಾರೂ ಬಂದು ದೂರು ಹೇಳುವುದಿಲ್ಲ. ಎರಡು ಫಾರ್ಮ್‌ಗಳನ್ನು ಜೋಡಿಸಿದಿರಿ, ಎರಡರಲ್ಲೂ "ಹೆಸರು" ಅನ್ನುವ ಒಂದೇ ಹೆಸರಿನ ಖಾನೆ ಇತ್ತು, ಜೋಡಿಸಿದ ಮೇಲೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬಂದು ಕೂರುತ್ತದೆ. ಅದನ್ನು ಗಮನಿಸುವ ಹೊತ್ತಿಗೆ ಆ ಫಾರ್ಮ್ ಎಲ್ಲೋ ಸಲ್ಲಿಕೆಯಾಗಿಯೇ ಹೋಗಿರುತ್ತದೆ. ಆದ್ದರಿಂದ ಪ್ಲಾನ್‌ನಲ್ಲಿ ಮೂರನೆಯ ಗುಂಪು ಮೊದಲು ಬರಲಿ.

ಒಂದು ಎಚ್ಚರಿಕೆ. ಜನ ಕಳಿಸುವ ಪಿಡಿಎಫ್‌ನಲ್ಲಿ ಆಧಾರ್ ಇರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ. ಅದನ್ನು ಕೋಡ್ ಇಡುವ, ಎಲ್ಲರಿಗೂ ಕಾಣುವ ರೆಪೋಗೆ ಹಾಕಬೇಡಿ. ಅದೇ ತಪ್ಪು ಇರುವ ಒಂದು ಪುಟದ ಹೊಸ ಫೈಲು ಮಾಡಿಕೊಳ್ಳಿ. ಕ್ಯೂಪಿಡಿಎಫ್ ಅನ್ನುವ ಟೂಲ್‌ನ ಕ್ಯೂಡಿಎಫ್ ಮೋಡ್‌ನಲ್ಲಿ ಪಿಡಿಎಫ್ ಅನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ಓದುವ, ತಿದ್ದುವ ರೂಪಕ್ಕೆ ತರಬಹುದು. ಆದರೆ ತಪ್ಪು ಎಕ್ಸ್‌ರೆಫ್ ಟೇಬಲ್‌ನಲ್ಲೇ (ಫೈಲಿನ ಯಾವ ಭಾಗ ಎಷ್ಟನೇ ಬೈಟಿನಲ್ಲಿದೆ ಅನ್ನುವ ವಿಳಾಸಗಳ ಪಟ್ಟಿ) ಇದ್ದರೆ ಈ ದಾರಿ ಬೇಡ, ಏಕೆಂದರೆ ಟೂಲ್ ಆ ಟೇಬಲ್ಲನ್ನು ಹೊಸದಾಗಿ ಬರೆದು ನೀವು ಹುಡುಕುತ್ತಿದ್ದ ತಪ್ಪನ್ನೇ ಸರಿಮಾಡಿಬಿಡುತ್ತದೆ. ಆಗ ಫೈಲಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರ್ ತೆಗೆಯಿರಿ. ಪಿಡಿಎಫ್ ಓದುವುದು ಬಾಲದಿಂದ: ಕೊನೆಯಲ್ಲಿರುವ ಸ್ಟಾರ್ಟ್‌ಎಕ್ಸ್‌ರೆಫ್ ಅನ್ನುವ ಗುರುತಿನ ಕೆಳಗೆ ಟೇಬಲ್ ಎಲ್ಲಿದೆ ಅನ್ನುವ ಸಂಖ್ಯೆ ಇರುತ್ತದೆ, ಹಳೆಯ ಮಾದರಿಯ ಟೇಬಲ್‌ನಲ್ಲಿ ಒಂದೊಂದು ಸಾಲೂ ಸರಿಯಾಗಿ 20 ಬೈಟ್. ಫೈಲಿನ ತಲೆಯಲ್ಲಿ ಯಾವುದೋ ಸಾಫ್ಟ್‌ವೇರ್ ನಾಲ್ಕು ಬೈಟ್ ಕಸ ಸೇರಿಸಿದರೆ ಸಾಕು, ಎಲ್ಲ ವಿಳಾಸವೂ ನಾಲ್ಕು ಮನೆ ಆಚೆಗೆ ಸರಿಯುತ್ತದೆ. ಇಂಥ ಫೈಲುಗಳನ್ನು ರಿಪೇರಿ ಮಾಡಿ ತೆರೆಯಬೇಕೋ, ಎರರ್ ಕೊಡಬೇಕೋ ಅನ್ನುವುದನ್ನು ಮೊದಲೇ ನಿರ್ಧರಿಸಿ. ನನ್ನ ಅಭಿಪ್ರಾಯದಲ್ಲಿ ರಿಪೇರಿ ಮಾಡಿ, ಆದರೆ ರಿಪೇರಿ ಮಾಡಿದ್ದೇವೆ ಅಂತ ಎಚ್ಚರಿಕೆ ಕೊಡಿ.

ಉಳಿಸುವ ದಾರಿ ಎರಡು ಬೇಕು

ನಾನು ಹಿಂದೆ ಇದ್ದ ಒಂದು ತಂಡದಲ್ಲಿ ಖಾತೆ ನಂಬರ್ ಮುಚ್ಚುವ ಫಂಕ್ಷನ್ ಇತ್ತು. ನಂಬರಿನ ಮೇಲೆ ಕಪ್ಪು ಚೌಕ ಎಳೆಯುತ್ತಿತ್ತು. ಕಣ್ಣಿಗೆ ಎಲ್ಲ ಸರಿ. ಮೌಸ್‌ನಿಂದ ಆ ಜಾಗ ಸೆಲೆಕ್ಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ನಂಬರ್ ಪೂರ್ತಿಯಾಗಿ ಬರುತ್ತಿತ್ತು! ಪುಟದ ಕಂಟೆಂಟ್ ಸ್ಟ್ರೀಮ್‌ನಿಂದ, ಅಂದ್ರೆ ಪುಟದ ಮೇಲೆ ಏನು ಬರಬೇಕು ಅನ್ನುವ ಸೂಚನೆಗಳಿರುವ ಭಾಗದಿಂದ, ಆ ಅಕ್ಷರಗಳನ್ನೇ ತೆಗೆಯುವ ಹಾಗೆ ತಿದ್ದಿದೆವು. ಆದರೂ ನಂಬರ್ ಫೈಲಿನಲ್ಲಿ ಉಳಿದಿತ್ತು. ಕಾರಣ, ನಾವು ಉಳಿಸುತ್ತಿದ್ದದ್ದು ಇನ್‌ಕ್ರಿಮೆಂಟಲ್ ರೀತಿಯಲ್ಲಿ. ಅಂದ್ರೆ ಹಳೆಯದನ್ನು ಮುಟ್ಟದೆ ಬದಲಾವಣೆಯನ್ನು ಫೈಲಿನ ಕೊನೆಗೆ ಅಂಟಿಸುವುದು. ಕೊನೆಗೆ ಅಂಟಿಸಿದ ತುಂಡನ್ನು ಕತ್ತರಿಸಿ ಬಿಸಾಕಿದರೆ ಹಳೆಯ ಪುಟ ಹಾಗೇ ಎದ್ದು ಬರುತ್ತದೆ.

ಹಾಗಂತ ಇನ್‌ಕ್ರಿಮೆಂಟಲ್ ಬೇಡ ಅನ್ನೋಕಾಗಲ್ಲ. ಡಿಜಿಟಲ್ ಸಹಿ ಇರುವ ಫೈಲಿನಲ್ಲಿ ಸಹಿ ಕಾಯುವುದು ಇಷ್ಟನೇ ಬೈಟಿನಿಂದ ಇಷ್ಟನೇ ಬೈಟಿನವರೆಗೆ ಅನ್ನುವ ಲೆಕ್ಕದಲ್ಲಿ. ಪೂರ್ತಿ ಫೈಲನ್ನು ಹೊಸದಾಗಿ ಬರೆದರೆ ಆ ಲೆಕ್ಕ ತಪ್ಪಿ ಸಹಿ ಮುರಿಯುತ್ತದೆ. ಒಂದು ಕೆಲಸಕ್ಕೆ ಹಳೆಯ ಬೈಟುಗಳು ಉಳಿಯಲೇಬೇಕು, ಇನ್ನೊಂದಕ್ಕೆ ಉಳಿಯಲೇಬಾರದು. ಹಾಗಾಗಿ ಎರಡು ಬೇರೆ ಫಂಕ್ಷನ್ ಇಡಿ, ಹೆಸರಿನಲ್ಲೇ ವ್ಯತ್ಯಾಸ ಕಾಣಲಿ, ಮತ್ತು ಮುಚ್ಚುವ ಕೆಲಸ ನಡೆದ ಮೇಲೆ ಇನ್‌ಕ್ರಿಮೆಂಟಲ್ ಆಗಿ ಉಳಿಸಲು ಹೊರಟರೆ ಲೈಬ್ರರಿ ತಡೆಯಲಿ. ಇದನ್ನು ಪ್ಲಾನಿನ ಮೊದಲ ತಿಂಗಳಿಗೇ ಹಾಕಿ. ಆಮೇಲೆ ಬರುವ ಸಹಿ, ಫಾರ್ಮ್, ಕಾಮೆಂಟ್ ಎಲ್ಲವೂ ಇದರ ಮೇಲೆ ನಿಲ್ಲುತ್ತವೆ.

ಕನ್ನಡ ಪಠ್ಯ ಸರಿಯಾಗಿ ಬರುತ್ತಾ ನೋಡಿ

ಲಿಬ್ರೆಆಫೀಸ್‌ನಲ್ಲೋ ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಲ್ಲೋ ಯುನಿಕೋಡ್ ಫಾಂಟ್‌ನಲ್ಲಿ "ಕರ್ನಾಟಕ" ಅಂತ ಒಂದೇ ಪದ ಬರೆದು ಪಿಡಿಎಫ್ ಮಾಡಿ. ಅದನ್ನು ನಿಮ್ಮ ಲೈಬ್ರರಿಯಿಂದ ಹೊರತೆಗೆಯಿರಿ. "ಕನಾರ್ಟಕ" ಅಂತ ಬಂತಾ? ಇದು ಎಷ್ಟು ಕಡೆ ಕಣ್ಣಿಗೆ ಬೀಳುತ್ತೆ ಅಲ್ವಾ! ಯುನಿಕೋಡ್‌ನಲ್ಲಿ ರಕಾರ ಮೊದಲು, ನಾ ಆಮೇಲೆ. ಕಾಗದದ ಮೇಲೆ ಮಾತ್ರ ನಾ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಪಿಡಿಎಫ್ ಇಟ್ಟುಕೊಳ್ಳುವುದು ಕಾಣುವ ಆಕಾರಗಳನ್ನು, ಅದೂ ಸಾಮಾನ್ಯವಾಗಿ ಕಾಣುವ ಕ್ರಮದಲ್ಲಿ. ಯಾವ ಆಕಾರಕ್ಕೆ ಯಾವ ಅಕ್ಷರ ಅಂತ ಹೇಳುವ ಟು-ಯುನಿಕೋಡ್ ಟೇಬಲ್ ಒಂದು ಆಕಾರಕ್ಕೆ ಹಲವು ಅಕ್ಷರ ಕೊಡಬಲ್ಲದು, ಆದರೆ ಎರಡು ಆಕಾರಗಳ ಕ್ರಮ ಬದಲಿಸಲಾರದು. ಅದಕ್ಕೇ ಆ್ಯಕ್ಚುಯಲ್-ಟೆಕ್ಸ್ಟ್ ಅನ್ನುವ ಗುಣ ಇದೆ, ಈ ತುಂಡಿನ ನಿಜವಾದ ಪಠ್ಯ ಇದು ಅಂತ ಹೇಳಲು. ನಿಮ್ಮ ಲೈಬ್ರರಿ ಓದುವಾಗ ಅದಿದ್ದರೆ ಅದನ್ನೇ ನಂಬಲಿ, ಬರೆಯುವಾಗ ಅದನ್ನು ಸೇರಿಸಲಿ. ಇಲ್ಲದಿದ್ದರೆ ಅರ್ಕಾವೊತ್ತನ್ನು ಹಿಂದಿನ ಅಕ್ಷರದ ಮುಂಚೆ ಕೂರಿಸುವ ನಿಯಮ ಬರೆಯಬೇಕು. ಇಂಥ ಕ್ರಮದ ತೊಂದರೆ ಭಾರತದ ಬೇರೆ ಲಿಪಿಗಳಲ್ಲೂ ಇದೆ, ಆದ್ದರಿಂದ ಕೆಲಸ ವ್ಯರ್ಥವಾಗುವುದಿಲ್ಲ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಬೇರೆಯದೇ ಕಥೆ. ಅಲ್ಲಿ ಕಾಣುವುದು ಕನ್ನಡ, ಒಳಗಿರುವ ಕೋಡ್ ಇಂಗ್ಲಿಷ್ ಅಕ್ಷರಗಳದ್ದು. ಫಾಂಟಿನ ಹೆಸರು ನೋಡಿ ಗುರುತಿಸಿ ಯುನಿಕೋಡ್‌ಗೆ ಪರಿವರ್ತಿಸುವುದನ್ನು ಬೇರೆ ಪ್ಲಗಿನ್ ಆಗಿ ಮಾಡಿ. ಮುಖ್ಯ ಲೈಬ್ರರಿಗೆ ತುರುಕಬೇಡಿ.

ಇನ್ನು ಸುರಕ್ಷತೆ. 2022ರಲ್ಲಿ ಪೈಪಿಡಿಎಫ್2 ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಒಂದು ದೋಷ ಸಿಕ್ಕಿತ್ತು: ಬೇಕಂತಲೇ ಕೆಡಿಸಿದ ಇನ್‌ಲೈನ್ ಚಿತ್ರವಿರುವ (ಪುಟದ ಸೂಚನೆಗಳ ನಡುವೆಯೇ ಸೇರಿಸಿದ ಚಿತ್ರ) ಫೈಲು ಕೊಟ್ಟರೆ ಪ್ರೋಗ್ರಾಂ ಕೊನೆಯಿಲ್ಲದ ಲೂಪ್‌ನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಿಮ್ಮಲ್ಲೂ ಮೂರು ಕಡೆ ನೋಡಿ. ಪುಟಗಳನ್ನು ಕೊಂಬೆಗಳ ಹಾಗೆ ಜೋಡಿಸಿದ ಪಟ್ಟಿ (ಪುಟಗಳ ಮರ) ಸುತ್ತಿ ಬಂದು ತನ್ನನ್ನೇ ತೋರಿಸಿದರೆ ಏನಾಗುತ್ತದೆ? ಸ್ಟ್ರೀಮ್ ಮುಗಿಯುವ ಗುರುತು ಇಲ್ಲದಿದ್ದರೆ? ಕೆಲವು ಕೆಬಿಯ ಸ್ಟ್ರೀಮ್ ಬಿಚ್ಚಿದಾಗ ಜಿಬಿಗಟ್ಟಲೆ ಆದರೆ? ಮೂರಕ್ಕೂ ಮಿತಿ ಹಾಕುವುದು ನಾಲ್ಕೈದು ದಿನದ ಕೆಲಸ.

ಹಳೆಯ ಫಂಕ್ಷನ್‌ಗಳ ಹೆಸರು ಬದಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೂ ಪೈಪಿಡಿಎಫ್2 ಒಳ್ಳೆಯ ಉದಾಹರಣೆ. ಅವರು 2022ರಲ್ಲಿ ಹಳೆಯ ಹೆಸರುಗಳಿಗೆ ಮೊದಲು ಎಚ್ಚರಿಕೆ ಕೊಟ್ಟರು, ಡಿಸೆಂಬರ್‌ನಲ್ಲಿ ಬಂದ 3.0.0ರಲ್ಲಿ ತೆಗೆದುಹಾಕಿದರು. ಹಳೆಯ ಹೆಸರು ಕರೆದರೆ ಬರುವ ಎರರ್‌ನಲ್ಲೇ ಹೊಸ ಹೆಸರು ಏನು ಅಂತ ಬರೆದಿರುತ್ತದೆ. ಆ ಒಂದು ಸಾಲು ಎಷ್ಟು ಜನರ ಹೊತ್ತು ಉಳಿಸಿದೆಯೋ! ನೀವೂ ಹಾಗೇ ಮಾಡಿ. ಎಚ್ಚರಿಕೆ ಯಾವ ಆವೃತ್ತಿಯಲ್ಲಿ, ತೆಗೆಯುವುದು ಯಾವುದರಲ್ಲಿ ಅಂತ ಮುಂಚೆಯೇ ಬರೆದಿಡಿ. ನಡುವೆ ಆರು ತಿಂಗಳಾದರೂ ಇರಲಿ.

ಪಿಡಿಎಫ್ 2.0 ಬೆಂಬಲ ಯಾವಾಗ ಅಂತ ಕೇಳುವವರಿದ್ದಾರೆ. ಅದರ ಅಧಿಕೃತ ಮಾನದಂಡ ಐಎಸ್‌ಒ 32000-2 ಮೊದಲು ಬಂದದ್ದು 2017ರಲ್ಲಿ, ತಿದ್ದಿದ ಆವೃತ್ತಿ 2020ರಲ್ಲಿ. 2023ರಿಂದ ಪಿಡಿಎಫ್ ಅಸೋಸಿಯೇಷನ್ ಮೂಲಕ ಉಚಿತವಾಗಿ ಸಿಗುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೂರ್ತಿ ಜಾರಿ ಮಾಡುತ್ತೇವೆ ಅಂತ ಮಾತು ಕೊಡಬೇಡಿ. ನಿಮ್ಮ ಕೆಟ್ಟ ಫೈಲುಗಳಲ್ಲಿ ಏನು ಕಾಣಿಸುತ್ತದೋ ಅಷ್ಟನ್ನು ಮಾಡಿ. 256 ಬಿಟ್‌ನ ಎಇಎಸ್ ಗೂಢಲಿಪಿ ಬಹುಶಃ ಮೊದಲು ಬೇಕಾಗುತ್ತದೆ.

ಈಗ ಪ್ಲಾನ್ ಬರೆಯಿರಿ. ಒಂದೇ ಪುಟ ಸಾಕು. ಪ್ರತಿ ಸಾಲಿನಲ್ಲಿ ಫೈಲಿನ ಹೆಸರು, ಈಗ ಏನು ಬರುತ್ತಿದೆ, ಏನು ಬರಬೇಕು, ಎಷ್ಟು ಜನ ಕೇಳಿದ್ದಾರೆ. ಉದಾಹರಣೆಗೆ: "ಅರ್ಕಾವೊತ್ತು ಫೈಲು, ಈಗ ಕನಾರ್ಟಕ, ಬರಬೇಕಾದ್ದು ಕರ್ನಾಟಕ, ಏಳು ಜನ." "ಪಠ್ಯ ಹೊರತೆಗೆಯುವುದನ್ನು ಉತ್ತಮಪಡಿಸುವುದು" ಅಂತ ಸುಮ್ನೆ ಬರೆದರೆ ಆ ಕೆಲಸ ಮುಗಿಯಿತೋ ಇಲ್ಲವೋ ಯಾರಿಗೂ ಹೇಳಲು ಬರುವುದಿಲ್ಲ. ಕೋಡ್ ಮುಟ್ಟುವ ಮೊದಲು ಆ ಸಾಲನ್ನೇ ಟೆಸ್ಟ್ ಆಗಿ ಬರೆಯಿರಿ. ತಪ್ಪು ಸರಿಯಾಗುವವರೆಗೆ ಅದು ಫೇಲ್ ಆಗಿ ಕೆಂಪಾಗಿ ನಿಲ್ಲಲಿ.

ಪುಟದ ಕೆಳಗೆ, ನಾವು ಮಾಡದಿರುವ ಕೆಲಸ ಅಂತ ಇನ್ನೊಂದು ಪಟ್ಟಿ. ಓಸಿಆರ್‌ಗೆ ಟೆಸರಾಕ್ಟ್ ಇದೆ, ಪುಟವನ್ನು ಚಿತ್ರ ಮಾಡಲು ಪಿಡಿಎಫಿಯಮ್ ಇದೆ. ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅಂತ ಅಲ್ಲೇ ಬರೆಯಿರಿ, ಕೇಳಿ ಬಂದವರು ಬರಿಗೈಯಲ್ಲಿ ಹೋಗುವುದು ಬೇಡ. ಇದೆಲ್ಲ ಆದ ಮೇಲೆ ಮೊದಲ ದಿನ ಪಕ್ಕಕ್ಕಿಟ್ಟ ಆ ಫೀಚರ್ ಪಟ್ಟಿಯನ್ನು ತೆಗೆದು, ಯಾವುದಕ್ಕೆ ಕೈಯಲ್ಲಿ ಫೈಲು ಇದೆಯೋ ಅದನ್ನು ಮಾತ್ರ ಪ್ಲಾನಿಗೆ ಸೇರಿಸಿ.