ಲೀಸಿಗೆ ಕೊಟ್ಟ ವಿಮಾನವನ್ನು ಪರದೇಶದ ಸರ್ಕಾರ ಹಿಡಿದಿಟ್ಟರೆ: ವಿಮೆಯ ಕಡತವನ್ನು ಓದುವ ಕ್ರಮ

ಹಾಸನದಲ್ಲಿ ವಿಮಾ ವ್ಯಾಜ್ಯ ನಡೆಸುವ ನನ್ನ ಮೇಜಿನ ಮೇಲಿರುವುದು ಬಹುತೇಕ ಬಾಡಿಗೆಗೆ ಹೋದ ಜೆಸಿಬಿ, ಟಿಪ್ಪರ್ ಮತ್ತು ಕಾಫಿ ಸಾಗಿಸುವ ಲಾರಿಗಳ ಕಡತಗಳು. ಆದರೂ ಕಚೇರಿಗೆ ಸೇರುವ ಕಿರಿಯ ವಕೀಲರಿಗೆ, ರಷ್ಯಾದಲ್ಲಿ ಉಳಿದುಹೋದ ವಿಮಾನಗಳ ಪ್ರಕರಣವನ್ನೇ ಮೊದಲು ಓದಲು ಹೇಳುತ್ತೇನೆ. ಮಾಲೀಕ ಒಬ್ಬ, ವಸ್ತು ಇನ್ನೊಬ್ಬನ ಕೈಯಲ್ಲಿ, ಅದು ಹಿಂದಿರುಗದಂತೆ ತಡೆದವನು ಮೂರನೆಯವನು ಎಂಬ ತೊಡಕು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಅಂಥ ಕಡತವನ್ನು ಹೇಗೆ ಓದಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪಾಲಿಸಿಯನ್ನು ತೆರೆಯುವ ಮೊದಲು ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟು, ಗೆರೆ ಎಳೆದು, ದಿನಾಂಕಗಳನ್ನು ಗುರುತಿಸಿಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಾದರೂ ಸಾಕು. ರಷ್ಯಾ ಪ್ರಕರಣದ ಗೆರೆ ಹೀಗಿದೆ: 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ದಾಳಿ, ಅದರ ಬೆನ್ನಲ್ಲೇ ಮಾರ್ಚ್ 28ರೊಳಗೆ ಲೀಸುಗಳನ್ನು ಮುಗಿಸಬೇಕೆಂಬ ಐರೋಪ್ಯ ಒಕ್ಕೂಟದ ನಿರ್ಬಂಧ, ಮಾರ್ಚ್ 10ರಂದು ವಿಮಾನಗಳನ್ನು ದೇಶದಿಂದ ಹೊರಗೆ ಒಯ್ಯಬಾರದೆಂಬ ರಷ್ಯಾ ಸರ್ಕಾರದ ಆದೇಶ, ಮಾರ್ಚ್ 14ರಂದು, ವಿದೇಶಿ ಮಾಲೀಕರ ವಿಮಾನಗಳನ್ನು ಅಲ್ಲಿನ ದಫ್ತರಿನಲ್ಲೇ ನೋಂದಾಯಿಸಲು ಅವಕಾಶ ಕೊಟ್ಟ ಕಾನೂನಿಗೆ ಅಧ್ಯಕ್ಷರ ಸಹಿ. ಹೀಗೆ ಸಿಕ್ಕಿಬಿದ್ದ ವಿಮಾನಗಳು 400ಕ್ಕೂ ಹೆಚ್ಚು.

ಮುಂದಿನ ಪ್ರಶ್ನೆ, ಯಾರ ಪಾಲಿಸಿ ಎಂಬುದು. ವಿಮಾನ ಓಡಿಸುವ ಸಂಸ್ಥೆ ತನ್ನ ದೇಶದಲ್ಲಿ ಒಂದು ವಿಮೆ ಮಾಡಿಸಿರುತ್ತದೆ. ಲೀಸು ಕೊಟ್ಟ ಕಂಪನಿ, ಆ ವಿಮೆಯಿಂದ ಹಣ ಬಾರದಿದ್ದರೆ ಇರಲಿ ಎಂದು, ತನ್ನದೇ ಇನ್ನೊಂದು ಪಾಲಿಸಿಯನ್ನು ಇಟ್ಟುಕೊಂಡಿರುತ್ತದೆ. ಈ ಎರಡನೆಯ ಪಾಲಿಸಿಯಲ್ಲೂ ವಿಮಾನ ಪರರ ಸ್ವಾಧೀನದಲ್ಲಿದ್ದಾಗ ಒಂದು ರಕ್ಷಣೆ, ಮಾಲೀಕನ ಸ್ವಾಧೀನಕ್ಕೆ ಬಂದ ಮೇಲೆ ಮತ್ತೊಂದು ರಕ್ಷಣೆ ಇರುತ್ತದೆ. ಲೀಸು ರದ್ದಾಯಿತೆಂದ ಮಾತ್ರಕ್ಕೆ ವಿಮಾನ ನಿಮ್ಮ ಕೈಗೆ ಬಂದಂತಲ್ಲ ಎಂಬುದನ್ನು ಮರೆಯಬೇಡಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ‘ಆಲ್ ರಿಸ್ಕ್ಸ್’ ಎಂಬ ಹೆಸರು ಕೇಳಿ ಎಲ್ಲ ಅಪಾಯಗಳೂ ಅದರೊಳಗಿವೆ ಎಂದು ನಂಬಿದವರು ಅದರ ಕೊನೆಯ ಪುಟಗಳನ್ನು ತಿರುವಿ ನೋಡಬೇಕು. ಯುದ್ಧ, ಮುಟ್ಟುಗೋಲು, ಸರ್ಕಾರದ ಆದೇಶದಿಂದಾದ ತಡೆ ಇವೆಲ್ಲವನ್ನೂ ಅಲ್ಲಿ ಹೊರಗಿಟ್ಟಿರುತ್ತಾರೆ. (ನಮ್ಮ ಲಾರಿಯ ಪಾಲಿಸಿಯಲ್ಲೂ ಯುದ್ಧವನ್ನು ಹೊರಗಿಡುವ ಷರತ್ತಿದೆ, ಅದನ್ನು ಓದಿದ ಲಾರಿ ಮಾಲೀಕರನ್ನು ನಾನಿನ್ನೂ ಕಂಡಿಲ್ಲ.) ಹಾಗೆ ಹೊರಗಿಟ್ಟದ್ದನ್ನು ಒಳಗೆ ತರುವುದೇ ‘ವಾರ್ ರಿಸ್ಕ್’ ವಿಮೆ, ಅದರ ಪರಿಹಾರಕ್ಕೆ ಒಟ್ಟು ಮಿತಿಯೊಂದು ಇರುವುದು ಸಾಮಾನ್ಯ. ವಿಮಾನಗಳನ್ನು ಲೀಸಿಗೆ ಕೊಡುವ, ಡಬ್ಲಿನ್ ನಗರದ ಏರ್‌ಕ್ಯಾಪ್ ಕಂಪನಿ ಸುಮಾರು 350 ಕೋಟಿ ಡಾಲರ್ ಕೇಳಿ ದಾವೆ ಹೂಡಿದಾಗ ಆಲ್ ರಿಸ್ಕ್ಸ್ ಪಾಲಿಸಿಯನ್ನೇ ಮುಂದಿಟ್ಟು, ವಾರ್ ರಿಸ್ಕನ್ನು ಪರ್ಯಾಯವಾಗಿ ಇಟ್ಟುಕೊಂಡದ್ದೇಕೆಂದು ಇದರಿಂದ ತಿಳಿಯುತ್ತದೆ. ಓಡಿಸುವ ಸಂಸ್ಥೆ ತಾನಾಗಿ ವಿಮಾನವನ್ನು ಕೊಡದೆ ಉಳಿಸಿಕೊಂಡಿತೆಂದು ಸಾಬೀತಾದರೆ ಆಲ್ ರಿಸ್ಕ್ಸ್ ಪಾಲಿಸಿ. ಸರ್ಕಾರದ ಆದೇಶವೇ ತಡೆಯಿತೆಂದಾದರೆ ವಾರ್ ರಿಸ್ಕ್ ಪಾಲಿಸಿ. ಎರಡೂ ಕಾರಣಗಳು ಸಮವಾಗಿ ಕೂಡಿಕೊಂಡಿದ್ದರೆ, ಇಂಗ್ಲಿಷ್ ಕಾನೂನಿನ ಪ್ರಕಾರ ಹೊರಗಿಟ್ಟ ಕಾರಣದ ಕೈಯೇ ಮೇಲಾಗುತ್ತದೆ. ಲಂಡನ್ನಿನ ವಾಣಿಜ್ಯ ನ್ಯಾಯಾಲಯದ ನ್ಯಾಯಮೂರ್ತಿ ಬುಚರ್ ಅವರು 2025ರ ಜೂನ್ 11ರ ತೀರ್ಪಿನಲ್ಲಿ, ವಿಮಾನಗಳು ಕೈತಪ್ಪಿದ್ದು ಮಾರ್ಚ್ 10ರ ಆದೇಶದಿಂದ ಎಂದು ಹೇಳಿ, ಹೊಣೆಯನ್ನು ವಾರ್ ರಿಸ್ಕ್ ವಿಮೆಗಾರರ ಮೇಲೆ ಹಾಕಿದರು.

ನಷ್ಟವಾದ ಆ ಮಾರ್ಚ್ 10ರ ದಿನಾಂಕ ಮತ್ತೊಂದು ಕಾರಣಕ್ಕೂ ಮುಖ್ಯ. ವಾರ್ ರಿಸ್ಕ್ ವಿಮೆಗಾರರು ಕೆಲವೇ ದಿನಗಳ, ಸಾಮಾನ್ಯವಾಗಿ ಏಳು ದಿನಗಳ, ನೋಟಿಸು ಕೊಟ್ಟು ಒಂದು ದೇಶವನ್ನು ರಕ್ಷಣೆಯ ವ್ಯಾಪ್ತಿಯಿಂದ ತೆಗೆಯಬಹುದು. ಆದ್ದರಿಂದ ನೋಟಿಸಿನ ದಿನ, ಅದು ತಲುಪಿದ ದಿನ, ಜಾರಿಗೆ ಬಂದ ದಿನ ಮೂರನ್ನೂ ಆ ಗೆರೆಯ ಮೇಲೆ ಬೇರೆ ಶಾಯಿಯಲ್ಲಿ ಬರೆದು, ನಷ್ಟದ ದಿನ ನೋಟಿಸು ಜಾರಿಗೆ ಬಂದ ದಿನಕ್ಕಿಂತ ಹಿಂದೆ ಬೀಳುತ್ತದೆಯೇ ಎಂದು ನೋಡಿ.

ವಿಮಾನ ಪುಡಿಯಾಗದೆ ಇನ್ನೂ ಹಾರಾಡುತ್ತಿರುವಾಗ ‘ನಷ್ಟ’ವಾಯಿತೆನ್ನುವುದು ಹೇಗೆ ಎಂದು ಕಕ್ಷಿದಾರರು ಕೇಳಿಯೇ ಕೇಳುತ್ತಾರೆ. ಅದು ಮತ್ತೆಂದೂ ಸಿಗುವುದಿಲ್ಲವೆಂದು ಖಚಿತವಾಗಿ ಸಾಬೀತುಪಡಿಸಬೇಕಿಲ್ಲ. ಸಿಗುವುದಕ್ಕಿಂತ ಸಿಗದಿರುವ ಸಂಭವವೇ ಹೆಚ್ಚೆಂದು ತೋರಿಸಿದರೆ ಸಾಕು. ಇದಕ್ಕಾಗಿ ವಾಪಸು ಕೇಳಿ ಬರೆದ ಪತ್ರಗಳು, ಬಂದ ಉತ್ತರಗಳು ಮತ್ತು ಸರ್ಕಾರಿ ಆದೇಶದ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ.

ರಾಜಿಯಿಂದ ಬಂದ ಹಣದ ಲೆಕ್ಕವನ್ನು ಬೇರೆ ಹಾಳೆಯಲ್ಲಿಡಿ, ಏಕೆಂದರೆ ಅಷ್ಟರಮಟ್ಟಿಗೆ ಕ್ಲೇಮು ಇಳಿಯುತ್ತದೆ. ರಷ್ಯಾದ ವಿಮಾನಯಾನ ಸಂಸ್ಥೆ ಏರೋಫ್ಲೋಟ್ ಬಳಿ ಇದ್ದ 17 ವಿಮಾನಗಳಿಗಾಗಿ ಏರ್‌ಕ್ಯಾಪ್‌ಗೆ 2023ರ ಸೆಪ್ಟೆಂಬರಿನಲ್ಲೇ ಸುಮಾರು 64.5 ಕೋಟಿ ಡಾಲರ್ ಬಂದಿತ್ತು. ಮುಂದೆ ಲಂಡನ್ ತೀರ್ಪಿನಲ್ಲಿ ಅದಕ್ಕೆ ದೊರೆತದ್ದು ಸುಮಾರು 103.5 ಕೋಟಿ ಡಾಲರ್, ಅದೂ ಪರ್ಯಾಯವೆಂದು ಇಟ್ಟುಕೊಂಡಿದ್ದ ವಾರ್ ರಿಸ್ಕ್ ಪಾಲಿಸಿಯಿಂದ.